ವಿಭೂತಿ ಹಚ್ಚಿದ ಹುಣ್ಣು

ತೊಗರಿಬೇಳೆ ಕೇರುತ್ತಿದ್ದೆ. ವಾಡಿಯಿಂದ ಗಂಡನ ಫೋನು ಬಂತು. ಅಲ್ಲಿ ಅವರಿಗೆ ಸಿಮೆಂಟ್ ಚೀಲ ತುಂಬುವ ಕೆಲಸ. ನಾನೂ ಅತ್ತೆಯೂ ಇರುವ ಸೇಡಂಗೆ ಬರುವುದು ರಜೆಯ ಐತವಾರಕ್ಕೆ ಮಾತ್ರ. ನನ್ನ ಮೊದಲ ಗಂಡ ತೀರಿಕೊಂಡಿದ್ದರು, ಇವರ ಮೊದಲ ಹೆಂಡತಿಯೂ ಬದುಕಿರಲಿಲ್ಲ. ಹಿರಿಯರು ಕೂತು ಉಡಿಕೆ, ಅಂದರೆ ಮರುಮದುವೆ, ಮಾಡಿ ನಮ್ಮಿಬ್ಬರನ್ನು ಕೂಡಿಸಿದ್ದರು. ವಾದ್ಯವಿಲ್ಲ, ಪಂಕ್ತಿಯೂಟವಿಲ್ಲ, ಒಂದು ಸೀರೆ, ಒಂದು ತಾಳಿ. ಆಗಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ.

"ಆ ಜಾಗದಾಗ ಗುಳ್ಳಿ ಎದ್ದಾವ," ಎಂದರು. "ಡಾಕ್ಟರ್ ಹರ್ಪಿಸ್ ಅಂದ್ರು. ಕೂಡಿದ್ರ ಹತ್ತತದಂತ. ನೀ ಭಿ ತೋರಿಸ್ಕೋ."

ಮೊರದ ಬೇಳೆ ಜಾರಿ ನೆಲಕ್ಕೆ ಚೆಲ್ಲಿತು. ನನಗೂ ಉರಿ ಶುರುವಾಗಿತ್ತು, ಯಾರಿಗೂ ಹೇಳಿರಲಿಲ್ಲ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಗಾಯವಾದರೆ ಮೊದಲು ಒತ್ತುವುದು ವಿಭೂತಿ. ನಾನೂ ದಿನಾ ಪೂಜೆ ಮುಗಿಸಿ, ವಿಭೂತಿ ತೇದು ಆ ಜಾಗಕ್ಕೆ ಹಚ್ಚಿಕೊಳ್ಳುತ್ತಿದ್ದೆ. ನೆಟ್ಟಗೆ ಕೂರಲಾಗದೆ ಓರೆಯಾಗಿ ಕೂತರೆ ಅತ್ತೆ ಪಕ್ಕದ ಮನೆಯವಳನ್ನು ಕರೆದು, "ಹೊಸಾ ಮದುಮಗಳಿಗಿ ಕುಂದ್ರಲಿಕ್ಕೂ ನಾಚಿಕಿ ನೋಡವ್ವಾ!" ಎಂದು ನಗುತ್ತಿದ್ದರು.

ಸೇಡಂನಲ್ಲಿ ತೋರಿಸಿದರೆ ಓಣಿಗೆಲ್ಲ ಗೊತ್ತಾಗುತ್ತದೆ. ಹಲ್ಲುನೋವೆಂದು ಹೇಳಿ ಶಹಾಬಾದಿಗೆ ಹೋದೆ. ಎಲ್ಲೆಲ್ಲಿ ಹೊರಳಿ ಬಂದು ನನಗೆ ತಾಳಿ ಕಟ್ಟಿದನೋ ಎಂದು ದಾರಿಯುದ್ದಕ್ಕೂ ಶಪಿಸಿದೆ. ಡಾಕ್ಟರು ಹೆಣ್ಣುಮಗಳು. ಅಷ್ಟಾದರೂ ಶಿವ ನಡೆಸಿಕೊಟ್ಟ. ಗಂಡನಿಗೆ ಬಂದದ್ದನ್ನೂ, ನಮ್ಮದು ಉಡಿಕೆ ಎಂಬುದನ್ನೂ ಅವರಿಗೆ ಹೇಳಿದೆ.

"ಏನ್ ಹಚ್ಚೀರಿ ಇದು?"

"ವಿಭೂತಿರಿ."

"ವಿಭೂತಿ ಹಣಿಗಿರ್ಲಿ, ಅಕ್ಕಾ. ತೊಗಲು ಸುಲಿದು ಹೋಗ್ಯಾದ. ಗುಳ್ಳಿ ಇದ್ದವೋ ಇಲ್ಲೋ, ಈಗ ನೋಡಿ ಹೇಳಲಿಕ್ಕೆ ಬರಲ್ಲ. ಹೊಸಾದು ಎದ್ದರ ಏನೂ ಹಚ್ಚದೆ ಅವತ್ತೇ ಬರ್ರಿ."

"ಅವರಿಂದೇ ಬಂದದೇನ್ರಿ?"

"ಬಂದಿದ್ರೂ ಹಂಗ ಹೇಳಲಿಕ್ಕಾಗಲ್ಲ. ಇದು ಮೈಯಾಗ ವರ್ಷಗಟ್ಟಲೆ ಸುಮ್ ಕುಂತಿರತದ. ನಿಮ್ಮ ಮೊದಲಿನ ಯಜಮಾನರಿಂದ ನಿಮಗ ಬಂದು, ನಿಮ್ಮಿಂದ ಇವರಿಗಿ ಹೋಗಿರಲಿಕ್ಕೂ ಸಾಕು. ಜೀವಕ್ಕ ಭಯ ಇಲ್ಲ, ಆದರ ಪೂರ್ತಿ ಹೋಗಲ್ಲ. ಗುಳ್ಳಿ ಇದ್ದಾಗ ಕೂಡಬ್ಯಾಡ್ರಿ."

ಸತ್ತವರನ್ನು ಕೇಳುವುದು ಹೇಗೆ? ಅವರ ಫೋಟೋಗೂ ದಿನಾ ವಿಭೂತಿ ಇಟ್ಟು ಕೈಮುಗಿದವಳು ನಾನು. ಮರುದಿನ ಬೆಳಗ್ಗೆ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಕೂತಾಗ, ಏನು ಬೇಡಬೇಕೆಂದೇ ತೋಚಲಿಲ್ಲ. ಯಾರಿಂದ ಬಂತೆಂದು ತಿಳಿಯಲಿ ಎಂದೋ, ತಿಳಿಯದಿರಲಿ ಎಂದೋ?

ಅತ್ತೆ ನೀರಿಗೆ ಹೋದ ಹೊತ್ತು ನೋಡಿ ಅವರಿಗೆ ಫೋನು ಹಚ್ಚಿದೆ. "ನನ್ನಿಂದ ನಿನಗ ಬಂತೇನೋ ಅಂತ ಊಟ ಸೇರವಲ್ದು," ಎಂದರು. ಸುಮ್ಮನಿದ್ದಿದ್ದರೆ ತಪ್ಪು ಅವರ ತಲೆಯ ಮೇಲೆಯೇ ಉಳಿಯುತ್ತಿತ್ತು. ಬಾಯಿ ತಡೆಯಲಿಲ್ಲ, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿಬಿಟ್ಟೆ.

"ಐತವಾರ ಬರ್ಲೋ ಬ್ಯಾಡೋ?" ಎಂದು ಕೇಳಿದರು.

"ಬರ್ರಿ. ಹಾಸಿಗಿ ಬ್ಯಾರೆ ಹಾಸತೀನಿ."

"ಅವ್ವ ಕೇಳಿದ್ರ?"

"ನನಗ ಹಲ್ಲುನೋವು ಅಂತ ಹೇಳ್ರಿ."

"ಹಲ್ಲುನೋವಿಗಿ ಹಾಸಿಗಿ ಬ್ಯಾರೇನು?" ಎಂದರು, ನಗಲಿಲ್ಲ. ನಾನೂ ನಗಲಿಲ್ಲ. ಆದರೂ, "ಬರ್ತೀನಿ," ಎಂದರಲ್ಲ.

ಫೋನಿಟ್ಟು, ಬೇರೆ ಹಾಸಿಗೆಗೆಂದು ಟ್ರಂಕಿನ ತಳದಿಂದ ಇನ್ನೊಂದು ಕೌದಿ ತೆಗೆದೆ. ಮುಗ್ಗುಲು ವಾಸನೆ ಹಿಡಿದಿತ್ತು. ಅಂಗಳಕ್ಕೆ ತಂದು ಕೊಡವಿ ಬಿಸಿಲಿಗೆ ಹಾಕಿದೆ.