ಅತ್ತಿಗೆ ಸಾಕು ಅನ್ನುವುದಿಲ್ಲ

ನಮ್ಮ ಅತ್ತಿಗೆ ಬಾಯಿಬಡಕಿ. ಶಾಲೆಯ ಸಮವಸ್ತ್ರ ಹೊಲಿಯುವಾಗ ಮಿಷನ್ನಿನ ಸದ್ದಿಗಿಂತ ಅವಳ ಮಾತೇ ಜಾಸ್ತಿ. ಅಳತೆ ಕೊಡಲು ಬಂದ ಮಕ್ಕಳಿಗೆ, "ಹೊಟ್ಟೆ ಒಳಗೆ ಎಳ್ಕೋಬೇಡ ಕಣೋ, ಆಮೇಲೆ ಗುಂಡಿ ಕಿತ್ತು ಬಂದ್ರೆ ನಿಮ್ಮಮ್ಮ ನನ್ನ ಬೈತಾಳೆ" ಎಂದು ಗದರುತ್ತಾಳೆ. ಅಂಥ ಬಾಯಿಂದ ಒಂದೇ ಒಂದು ಪದ ಈಗ ಹೊರಡುವುದಿಲ್ಲ: ಸಾಕು. ಬಡಿಸಿದರೆ ಬಡಿಸಿದಷ್ಟೂ ತಿನ್ನುತ್ತಾಳೆ.

ಹೋದ ವರ್ಷ ಅವಳ ಮಗ, ನಾವೆಲ್ಲ ಗುಬ್ಬಿ ಅಂತ ಕರೆಯುತ್ತಿದ್ದವನು, ಮಕ್ಕಳ ಆಸ್ಪತ್ರೆಯಲ್ಲಿ ಉಸಿರಾಟದ ಯಂತ್ರದ ಮೇಲಿದ್ದ. ಸೋಂಕು ಮಿದುಳಿಗೆ ಏರಿತ್ತು. ಯಂತ್ರ ಇರಿಸಬೇಕೋ ತೆಗೆಯಬೇಕೋ ಎಂದು ಡಾಕ್ಟರುಗಳಲ್ಲೇ ಜಟಾಪಟಿ. ಇಂಥದ್ದಕ್ಕೆಂದೇ ಅಲ್ಲೊಂದು ನೀತಿ ಸಮಿತಿಯಿದೆ. ಅವರು ಅಣ್ಣ ಅತ್ತಿಗೆಯನ್ನು ಕರೆದು ಕೂರಿಸಿ, ಕುಡಿಯಲು ನೀರು ಕೊಟ್ಟು, "ನಿಮ್ಮ ಇಷ್ಟ ಏನು?" ಎಂದು ಕೇಳಿದರು. ಅಣ್ಣ ಅತ್ತಿಗೆಯ ಮುಖ ನೋಡಿದ. ಅತ್ತಿಗೆಯೇ, "ಸಾಕು, ತೆಗೀರಿ" ಎಂದಳು.

ಆ ಸಮಿತಿಯಿಂದ ಯಾರಿಗೆ ಏನು ಉಪಯೋಗವಾಗಿದೆ ಎಂದು ತಿಳಿಯಲು ಮೊನ್ನೆ ಆಸ್ಪತ್ರೆಯಿಂದ ಒಬ್ಬ ಹೆಂಗಸು ಮನೆಗೆ ಬಂದಳು. ಪಾಪ, ಒಳ್ಳೆಯವಳೇ. ಆದರೂ ನನಗೆ ಮೈಯೆಲ್ಲ ಉರಿಯಿತು. ಈಗ ನೆನಪಾದೆವಂತೆ ಇವರಿಗೆ!

"ನಿಮ್ಮ ಅಭಿಪ್ರಾಯ ಕೇಳಿದ್ದು ಸಮಾಧಾನ ಅನ್ನಿಸ್ತಾ?" ಎಂದು ಕೇಳಿದಳು.

ಅತ್ತಿಗೆ ಕತ್ತರಿ ಕೆಳಗಿಟ್ಟಳು. "ನಾನು ತೆಗೀಬೇಡಿ ಅಂದಿದ್ರೆ ಮಗು ಉಳೀತಿತ್ತಾ? ಅಷ್ಟು ಹೇಳಿ ಸಾಕ..." ಎಂದವಳು ಗಕ್ಕನೆ ನಿಲ್ಲಿಸಿದಳು. "ಅಷ್ಟು ಹೇಳಿ. ನನ್ನ ಮಾತಿಂದ ಹೋದ್ನಾ ಅವ್ನು?"

ಹೆಂಗಸು ತಡವರಿಸಿದಳು. "ಅದನ್ನ ನಾನು ಹೇಳೋ ಹಾಗಿಲ್ಲ."

"ಹೇಳ್ರೀ! ಬರೀ ಕೇಳೋಕಷ್ಟೇ ಬರುತ್ತಾ ನಿಮ್ಗೆ?" ಎಂದು ನಾನು ರೇಗಿದೆ.

"ಇಲ್ಲಮ್ಮ, ಉಳೀತಿರ್ಲಿಲ್ಲ. ಕಡತದಲ್ಲಿ ಓದಿದೀನಿ, ನಿಮ್ಮನ್ನ ಒಳಗೆ ಕರೆಯೋಕೆ ಮುಂಚೆನೇ ಸಮಿತಿಯವ್ರು, ಡಾಕ್ಟ್ರು ಎಲ್ರೂ ಒಪ್ಪಿಕೊಂಡಿದ್ರು, ತೆಗೆಯೋದೇ ಸರಿ ಅಂತ. ನಿಮ್ಮ ತಪ್ಪೇನಿಲ್ಲ."

ನನಗೆ ಹೋದ ಜೀವ ಬಂದಂತಾಯಿತು. ಅತ್ತಿಗೆ ಇನ್ನು ಅತ್ತು ಹಗುರಾಗುತ್ತಾಳೆ ಅಂದುಕೊಂಡೆ. ಅವಳು ಅಳಲಿಲ್ಲ.

"ಹಾಗಾದ್ರೆ ನೀವೇ ಹೇಳಬೇಕಿತ್ತು. ನಾನು ನಿಮ್ಮ ಕಾಲು ಹಿಡ್ಕೊಂಡು ಬೇಡ ಬೇಡ ಅಂತ ಅಳಬೇಕಿತ್ತು. ಹೆತ್ತವಳಿಗೆ ಅಷ್ಟಾದ್ರೂ ಉಳಿಸಬಾರದಿತ್ತಾ? ನನ್ನ ಬಾಯಿಂದ ಯಾಕ್ರೀ ಹೇಳಿಸಿದ್ರಿ?"

"ಇದನ್ನ ಬರ್ಕೊಳ್ಳಲಾ?" ಎಂದಳು ಹೆಂಗಸು, ಮೆಲ್ಲಗೆ.

"ಬರ್ಕೊಳ್ಳಿ" ಎಂದು ಅತ್ತಿಗೆ ಮತ್ತೆ ಕತ್ತರಿ ಹಿಡಿದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ಬೇಕಂತಲೇ ಬಡಿಸಿದೆ. ಒಂದು ಸೌಟು, ಇನ್ನೊಂದು, ಮತ್ತೊಂದು. ಹೇಳು ಅತ್ತಿಗೆ, ಒಂದೇ ಒಂದು ಸಲ ಹೇಳಿಬಿಡು ಎಂದು ಮನಸ್ಸಿನಲ್ಲೇ ಗೋಗರೆದೆ. ಅವಳು ತಟ್ಟೆ ನೋಡಿದಳು, ನನ್ನ ಮುಖ ನೋಡಿದಳು, ತಲೆ ತಗ್ಗಿಸಿ ತಿನ್ನತೊಡಗಿದಳು.