ಅವನ ಜಾಗಕ್ಕೆ ಇಳಿದ ನಮ್ಮ ಅನೀಶ್

ಗಾಯಗೊಂಡ ಹುಡುಗನನ್ನು ಸ್ಟ್ರೆಚರ್ ಮೇಲೆ ಮೈದಾನದಿಂದ ಒಯ್ಯುತ್ತಿದ್ದಂತೆ ಸುತ್ತಲಿನವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಅದೇ ಹೊತ್ತಿಗೆ ಅವನ ಬದಲಿಗೆ ನನ್ನ ಅಕ್ಕನ ಮಗ ಅನೀಶ್ ಹೆಲ್ಮೆಟ್ ಧರಿಸಿ ಒಳಗೆ ಓಡಿದ. ಅಮೆರಿಕದ ಸಮರ್‌ಸೆಟ್ ಬಳಿಯ ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಅವನು ಕಾರ್ನರ್‌ಬ್ಯಾಕ್. ಅಂದರೆ, ಚೆಂಡು ಹಿಡಿಯಲು ಓಡುವ ಎದುರಾಳಿಯನ್ನು ತಡೆದು ಕೆಡವುವವನು. ಅಲ್ಲಿಯವರೆಗೆ ಅವನಿಗೆ ಆಡುವ ಅವಕಾಶವೇ ಸಿಕ್ಕಿರಲಿಲ್ಲ.

"ಲೋ, ನಮ್ಮ ಅನಿಗೇ ಕಣೋ ಚಪ್ಪಾಳೆ! ನೀನೂ ತಟ್ಟೋ, ವಿಡಿಯೋ ತೆಗಿ!" ಎಂದು ಅಕ್ಕ ಹಿಗ್ಗಿನಿಂದ ಕೈ ಬೀಸಿದಳು. ಗಾಯಾಳುವಿಗೆ ಧೈರ್ಯ ತುಂಬಲು ಇಲ್ಲಿಯವರು ಹಾಗೆ ಮಾಡುತ್ತಾರೆಂಬುದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ.

ಮೈದಾನದಿಂದ ಮೇಲೆ ಬಂದು, ಮುಂದಿನ ಸಾಲಿನಲ್ಲಿ ಬಿಟ್ಟಿದ್ದ ತಮ್ಮ ಚೀಲ ತೆಗೆದುಕೊಂಡ ಮಹಿಳೆಯೊಬ್ಬರು ಅಕ್ಕನನ್ನು ನೋಡಿ ನಿಂತರು. ಅವರು ಆ ಹುಡುಗನ ತಾಯಿ. ಬೈಯುತ್ತಾರೆಂದು ನಾನು ಹೆದರಿದೆ.

"ಡಿಕ್ಕಿ ಹೊಡೆಯುವಾಗ ತಲೆ ಬಗ್ಗಿಸಬೇಡ ಎಂದು ನಿಮ್ಮ ಮಗನಿಗೆ ಹೇಳಿ. ನನ್ನ ಮಗ ಬಗ್ಗಿಸಿದ, ಕತ್ತಿಗೆ ಪೆಟ್ಟು ಬಿತ್ತು. ಈಗ ಅವನಿಗೆ ಕಾಲು ಅಲುಗಾಡಿಸಲು ಆಗುತ್ತಿಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿ, ಆಂಬುಲೆನ್ಸ್‌ನತ್ತ ಓಡಿದರು.

ಅಷ್ಟರಲ್ಲಿ ಆಟ ಮತ್ತೆ ಆರಂಭವಾಗಿತ್ತು. ಅಕ್ಕ ಬೇಲಿಯವರೆಗೂ ಧಾವಿಸಿ, "ಅನೀ, ತಲೆ ಎತ್ತೋ! ತಲೆ ಎತ್ತು ಕಂದಾ!" ಎಂದು ಕೂಗಿದಳು. ಶಾಲೆಯ ಬ್ಯಾಂಡಿನ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ.

ಅನೀಶ್ ಅಂದು ಸುರಕ್ಷಿತವಾಗಿ ಮರಳಿದ. ಆ ಹುಡುಗ ಇನ್ನೂ ನಡೆದಿಲ್ಲ. ತಂಡದಲ್ಲಿ ಆ ಸ್ಥಾನ ಈಗ ಅನೀಶನಿಗೇ ಖಾಯಂ ಆಗಿದೆ. ಅದಕ್ಕಾಗಿ ನಮ್ಮ ಮನೆಯಲ್ಲಿ ಯಾರೂ ಸಿಹಿ ಹಂಚಲಿಲ್ಲ.