ಡ್ರೈವರಮ್ಮನ ಕಾರಿನ ವೈಪರ್ ಮೋಟರು

ಊರಿನವರು ಆ ಮನೆಯ ಅತ್ತೆಯನ್ನು ಡ್ರೈವರಮ್ಮ ಎಂದೇ ಕರೆಯುತ್ತಿದ್ದರು. ಅಸಲಿಗೆ ಅತ್ತೆ ಹೆರಿಗೆ ಮಾಡಿಸುವ ನರ್ಸು. ಆದರೆ ನರ್ಸಿಗಿಂತ ಮುಂಚೆ ಅವರ ಕಾರಿನ ಸದ್ದು ಬೀದಿಗೆ ಬರುತ್ತಿತ್ತು. ಆ ಸದ್ದು ಕೇಳಿದ ಮೇಲೆ ನೋವು ತಿನ್ನುತ್ತಿದ್ದ ಹೆಂಗಸರಿಗೂ, ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದ ಗಂಡಸರಿಗೂ ಜೀವ ಬಂದಂತಾಗುತ್ತಿತ್ತು. ಆಮೆಯ ಬೆನ್ನಿನಂತೆ ದುಂಡಗಿನ, ಮೋಡದ ಬಣ್ಣದ ಹಳೆಯ ಕಾರು. ಅರ್ಧ ಊರು ಆ ಕಾರು ಬಂದು ನಿಂತ ಮೇಲೆಯೇ ಹುಟ್ಟಿತ್ತು.

ಸೊಸೆ ಕನ್ನಡಕದಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಒಂದು ದೀಪದ ಕೆಳಗೆ ಕೂತು ಗಾಜು ಉಜ್ಜುವುದು, ಚೌಕಟ್ಟಿಗೆ ಕೂರಿಸುವುದು, ಸಾಸಿವೆಯಷ್ಟು ಚಿಕ್ಕ ತಿರುಪುಗಳನ್ನು ಉಸಿರು ಬಿಗಿಹಿಡಿದು ತಿರುಗಿಸುವುದು. ದಿನವಿಡೀ ಗಾಜಿನೊಳಗಿಂದ ಜಗತ್ತನ್ನು ನೋಡಿ ನೋಡಿ, ಸಂಜೆ ಮನೆಗೆ ನಡೆಯುವಾಗ ಅವಳಿಗೆ ಬೀದಿದೀಪಗಳೆಲ್ಲ ನೀರಿನಲ್ಲಿ ನೆನೆಹಾಕಿದಂತೆ ಕಾಣುತ್ತಿದ್ದವು. ಅವಳ ಗಂಡ ಬೇಕರಿಯಲ್ಲಿ ಬ್ರೆಡ್ಡು ಸುಡುವವನು. ಬೆಳಕು ಹರಿಯುವ ಮುಂಚೆ ಎದ್ದು ಹೋಗಿ, ಮಧ್ಯಾಹ್ನ ಹಿಟ್ಟಿನ ಬಿಳಿ ಹುಬ್ಬುಗಳೊಡನೆ ಬಂದು ಬಿದ್ದುಕೊಂಡರೆ ಮನೆಯೇ ಅವನ ಜೊತೆ ನಿದ್ದೆ ಹೋಗುತ್ತಿತ್ತು.

ಅತ್ತೆ ಸೊಸೆಯರ ನಡುವೆ ಮಾತು ನಿಂತಿತ್ತು. ಜಗಳವೇನೂ ಆಗಿರಲಿಲ್ಲ. ಒಂದು ದಿನ ಅತ್ತೆ ಓದುವ ಕನ್ನಡಕ ಬದಲಾಯಿಸಲು ಅಂಗಡಿಗೆ ಬಂದಿದ್ದರು. ಸೊಸೆ ಎಷ್ಟು ಗಾಜು ಬದಲಿಸಿದರೂ ಗೋಡೆಯ ಅಕ್ಷರಗಳು ಅವರಿಗೆ ಸಿಗಲಿಲ್ಲ. ಕಣ್ಣಿನ ಡಾಕ್ಟರು ನೋಡಿ, ದೃಷ್ಟಿಯ ನಡುಭಾಗ ಸವೆದಿದೆ, ಅಂಚು ಮಾತ್ರ ಉಳಿಯುತ್ತದೆ, ಇದಕ್ಕೆ ಗಾಜಿನಿಂದ ಉಪಾಯವಿಲ್ಲ ಎಂದರು. ಮನೆಗೆ ಬರುವ ದಾರಿಯಲ್ಲಿ ಸೊಸೆ ಮೆಲ್ಲಗೆ ಹೇಳಿದಳು, "ಇನ್ಮೇಲೆ ಕಾರು ಓಡಿಸೋದು ಬೇಡ ಅತ್ತೆ."

ಅತ್ತೆ ಕಾರಿನ ಕೀಲಿಯನ್ನು ಊಟದ ಮೇಜಿನ ಮೇಲಿಟ್ಟು ಕೋಣೆಗೆ ಹೋದರು. ಅಂದಿನಿಂದ ಉಪ್ಪು ಕೊಡು, ನೀರು ಕೊಡು ಎಂಬಷ್ಟೇ ಮಾತು. ಕಾರು ಷೆಡ್ಡಿನಲ್ಲಿ ಧೂಳು ಹೊದ್ದು ಮಲಗಿತು.

ಎರಡು ಮಳೆಗಾಲ ಕಳೆದ ಮೇಲೆ ಸೊಸೆ ಯಾರಿಗೂ ಹೇಳದೆ ಡ್ರೈವಿಂಗ್ ಕಲಿತಳು. ಲೈಸೆನ್ಸು ಕೈಗೆ ಬಂದ ದಿನ ಗಂಡನಿಗೆ ತೋರಿಸಿದಳು. ಅವನು ಅದರಲ್ಲಿದ್ದ ಫೋಟೋ ನೋಡಿ, "ಯಾರನ್ನೋ ಹೊಡೆದು ಸಿಕ್ಕಿಬಿದ್ದೋಳ ಥರ ಇದ್ದೀಯಲ್ಲೇ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಮೆಕ್ಯಾನಿಕ್ಕನ್ನು ತಾನೇ ಕರೆತಂದ.

ಮೆಕ್ಯಾನಿಕ್ ಎಂಜಿನ್ನಿಗೆ ಜೀವ ಬರಿಸಿದ. ದೀಪ ಉರಿಯಿತು, ಬ್ರೇಕು ಹಿಡಿಯಿತು. ವೈಪರ್ ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ.

"ಈ ಮೋಟರಿನ ಕಾಲ ಮುಗೀತು ಅಕ್ಕ. ಬೇರೆ ಕಾರಿಂದು ಹಾಕೋಣ. ಒಳಗಡೆ ತಗಡು ಸ್ವಲ್ಪ ಕೊಯ್ಬೇಕಾಗುತ್ತೆ, ಅಷ್ಟೆ."

"ಕೊಯ್ಯೋದು ಬೇಡ."

ಎಲ್ಲರೂ ತಿರುಗಿ ನೋಡಿದರು. ಅತ್ತೆ ಹಿತ್ತಲ ಬಾಗಿಲಿಗೆ ಒರಗಿ ನಿಂತಿದ್ದರು. ಅಷ್ಟು ಹೇಳಿ ಒಳಗೆ ಹೋದರು. ಕಾರಿನ ಬಗ್ಗೆ ಅವರ ಬಾಯಿಂದ ಇಷ್ಟು ದಿನಕ್ಕೆ ಬಂದ ಮೊದಲ ಮಾತು ಅದು. ಸೊಸೆ ಮೆಕ್ಯಾನಿಕ್ಕಿಗೆ, "ಮೋಟರು ಬಿಚ್ಚಿ ನನ್ನ ಕೈಗೆ ಕೊಡು, ನಾನೇ ನೋಡ್ತೀನಿ" ಎಂದಳು.

ಕೈಗೆ ಬಂದದ್ದು ಲೋಟದಷ್ಟು ದಪ್ಪದ ಕರಿ ಕಬ್ಬಿಣದ ಉಂಡೆ. ಅದನ್ನು ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಇಟ್ಟಳು. ರಜೆಯ ಮಧ್ಯಾಹ್ನ. ಒಳಕೋಣೆಯಿಂದ ಗಂಡನ ಗೊರಕೆ ಅಲೆಯಲೆಯಾಗಿ ಬರುತ್ತಿತ್ತು. ಕಿಟಕಿಯ ಪರದೆ ಉಸಿರಾಡುವಂತೆ ಉಬ್ಬಿ ಇಳಿಯುತ್ತಿತ್ತು. ತುಕ್ಕು ಹಿಡಿದ ತಿರುಪುಗಳಿಗೆ ಎಣ್ಣೆ ಬಿಟ್ಟು, ಅದು ಇಳಿಯುವವರೆಗೆ ಕೈಕಟ್ಟಿ ಕೂತಳು. ಅವಳಿಗೆ ಆತುರವಿರಲಿಲ್ಲ. ಎಣ್ಣೆಯ ವಾಸನೆಗೆ, ಮಧ್ಯಾಹ್ನದ ಬಿಸಿಗೆ ಕಣ್ಣು ಎಳೆಯುತ್ತಿತ್ತು.

ಮುಚ್ಚಳ ಬಿಚ್ಚಿಕೊಂಡಾಗ ಒಳಗೆ ಹಲ್ಲಿನ ಚಕ್ರವೊಂದು ಹಳೆಯ ಗ್ರೀಸಿನಲ್ಲಿ ಹೂತುಹೋಗಿತ್ತು. ಗ್ರೀಸು ಸೋಪಿನಂತೆ ಗಟ್ಟಿಯಾಗಿತ್ತು. ಕಡ್ಡಿಯಿಂದ ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದಳು. ಚಕ್ರದ ಹಲ್ಲುಗಳು ಒಂದೂ ಮುರಿಯದೆ ಹೊರಬಂದವು. ಆಚೆ ಬದಿಯಲ್ಲಿ ತಾಮ್ರದ ತಂತಿ ಸುತ್ತಿದ ತಿರುಗುವ ಭಾಗ. ಅದರ ಕುತ್ತಿಗೆಯ ತಾಮ್ರ ಮಸಿಗಟ್ಟಿತ್ತು. ಆ ತಾಮ್ರಕ್ಕೆ ಒತ್ತಿಕೊಂಡು ಕರೆಂಟು ದಾಟಿಸಬೇಕಾದ ಎರಡು ಇದ್ದಿಲ ತುಂಡುಗಳಲ್ಲಿ ಒಂದು ಉಗುರಿನಷ್ಟು ತೆಳ್ಳಗೆ ಸವೆದು ತನ್ನ ಗೂಡಿನಲ್ಲೇ ಸಿಕ್ಕಿಕೊಂಡಿತ್ತು. ರೋಗ ಇದೇ ಎಂದು ಅವಳಿಗೆ ಗೊತ್ತಾಯಿತು. ಹೊಲಿಗೆ ಯಂತ್ರದ ಮೋಟರಿಗೆ ಹಾಕುವ ಇದ್ದಿಲನ್ನೇ ತಂದು, ಕನ್ನಡಕದ ಚೌಕಟ್ಟು ಉಜ್ಜುವ ಅರದಿಂದ ಅಳತೆಗೆ ತಂದಳು. ತಾಮ್ರದ ಗೀರುಗಳಲ್ಲಿ ತುಂಬಿದ್ದ ಕಪ್ಪು ಪುಡಿಯನ್ನು ಸೂಜಿಯ ಮೊನೆಯಿಂದ ಒಂದೊಂದಾಗಿ ಬಿಡಿಸಿದಳು. ತಾಮ್ರ ಬೆಳಗತೊಡಗಿತು.

ಯಾವಾಗ ಬಂದರೋ, ಎದುರಿನ ಕುರ್ಚಿಯಲ್ಲಿ ಅತ್ತೆ ಕೂತಿದ್ದರು. ಮುಖವನ್ನು ಓರೆಯಾಗಿ ತಿರುಗಿಸಿ, ಕಣ್ಣಿನ ಅಂಚಿನಿಂದ ಸೊಸೆಯ ಕೈಗಳನ್ನು ನೋಡುತ್ತಿದ್ದರು. ಸೊಸೆ ತಲೆಯೆತ್ತಲಿಲ್ಲ. ಎತ್ತಿದರೆ ಎದ್ದು ಹೋಗಿಬಿಡುತ್ತಾರೇನೋ ಎಂಬ ಭಯ. ಸ್ವಲ್ಪ ಹೊತ್ತಿಗೆ ತೊಳೆದ ಚಕ್ರವನ್ನು ಸುಮ್ಮನೆ ಅವರತ್ತ ತಳ್ಳಿ ಒಂದು ಬಟ್ಟೆ ಇಟ್ಟಳು. ಅತ್ತೆ ಅದನ್ನು ಎತ್ತಿಕೊಂಡು ಒರೆಸಿದರು. ಎಳೆಗೂಸಿನ ಬೆರಳ ಸಂದು ಒರೆಸುವಂತೆ ಹಲ್ಲು ಹಲ್ಲಿನ ನಡುವೆ ಒರೆಸಿದರು.

ಹೊಸ ಗ್ರೀಸು ತುಂಬಿ, ಎಲ್ಲ ಜೋಡಿಸಿ, ಮೇಜಿನ ಪಕ್ಕ ತಂದಿಟ್ಟ ಕಾರಿನ ಬ್ಯಾಟರಿಗೆ ತಂತಿ ಮುಟ್ಟಿಸಿದಾಗ ಮೋಟರು ಗುಂಯ್ ಎಂದಿತೇ ಹೊರತು ತಿರುಗಲಿಲ್ಲ. ಸೊಸೆ ಇನ್ನೊಮ್ಮೆ ಮುಟ್ಟಿಸಿದಳು. ಮತ್ತೆ ಅದೇ ಗುಂಯ್.

"ತೆಗಿ, ತೆಗಿ," ಎಂದರು ಅತ್ತೆ. "ಉಸಿರು ಕಟ್ಟಿದೆ ಅದಕ್ಕೆ. ಶಕ್ತಿ ಇದೆ, ಜಾಗ ಇಲ್ಲ. ಎಲ್ಲೋ ಬಿಗಿ ಮಾಡಿಬಿಟ್ಟಿದ್ದೀಯ."

"ಎಲ್ಲಾ ಮೊದಲಿದ್ದ ಹಾಗೇ ಹಾಕಿದೀನಲ್ಲ ಅತ್ತೆ?"

"ಮೊದಲು ಸವೆದಿತ್ತು. ಈಗ ಚೊಕ್ಕ ಆಗಿದೆ. ಅಷ್ಟೇ ಬಿಗಿ ಈಗ ಆಗಲ್ಲ."

ಮೋಟರಿನ ಬದಿಯಲ್ಲಿ ಒಳಗೆ ತಿರುಗುವ ಕಡ್ಡಿಯನ್ನು ಒತ್ತಿಹಿಡಿಯುವ ತಿರುಪೊಂದಿತ್ತು. ಸೊಸೆ ಅದನ್ನು ಕೂದಲೆಳೆಯಷ್ಟು ಸಡಿಲಿಸಿ ತಂತಿ ಮುಟ್ಟಿಸಿದಳು. ಮೋಟರು ಒಮ್ಮೆ ನಡುಗಿ, ತಿರುಗಿ, ಹಿಡಿತವಿಲ್ಲದೆ ಮೇಜಿನ ಮೇಲೆ ತೆವಳುತ್ತಾ ಹೊರಟು ಚಹಾದ ಲೋಟವನ್ನು ಕೆಡವಿತು. ಅತ್ತೆ ಎರಡೂ ಕೈಯಿಂದ ಅದನ್ನು ಹಿಡಿದುಕೊಂಡರು. "ಬಂತು! ಬಂತು!" ಎಂದು ಕೂಗಿದರು. ಹೆರಿಗೆ ಕೋಣೆಯಲ್ಲಿ ಕೂಗುತ್ತಿದ್ದುದು ಹೀಗೆಯೇ ಇರಬೇಕು.

ಗಂಡ ಕಣ್ಣುಜ್ಜಿಕೊಳ್ಳುತ್ತಾ ಬಂದ. "ಕನಸಲ್ಲಿ ಹಿಟ್ಟು ನಾದೋ ಮೆಷಿನ್ನು ಓಡ್ತಾ ಇತ್ತು. ಆರಿಸ್ರೋ ಅಂತ ಬೈತಾ ಇದ್ದೆ." ಚಹಾದಲ್ಲಿ ತೊಯ್ದ ಮೇಜಿನ ಮುಂದೆ ತಾಯಿಯೂ ಹೆಂಡತಿಯೂ ಒಂದೇ ಮೋಟರನ್ನು ಹಿಡಿದು ನಗುತ್ತಿರುವುದನ್ನು ಕಂಡು, ಇದೂ ಕನಸೇ ಇರಬೇಕೆಂದು ಹಾಗೇ ಹಿಂತಿರುಗಿ ಹೋಗಿ ಮಲಗಿದ.

ಕಾರಿಗೆ ಕೂರಿಸಿದ ಮೇಲೂ ಒಂದು ತರಲೆ ಉಳಿದಿತ್ತು. ಸ್ವಿಚ್ಚು ಆರಿಸಿದರೆ ವೈಪರ್ ಕಡ್ಡಿಗಳು ಗಾಜಿನ ಕೆಳ ಅಂಚಿನಲ್ಲಿ ಮಲಗುವ ಬದಲು ನಡುವೆಯೇ ಸೆಟೆದು ನಿಲ್ಲುತ್ತಿದ್ದವು. "ಕ್ಲಾಸಲ್ಲಿ ಉತ್ತರ ಗೊತ್ತಿರೋ ಹುಡುಗರ ಥರ ಕೈ ಎತ್ತಿಕೊಂಡು ನಿಂತಿವೆ" ಎಂದ ಗಂಡ. ಮೋಟರಿನ ಹಲ್ಲಿನ ಚಕ್ರದ ಮೇಲಿನ, ಕಡ್ಡಿಗಳು ನಿಲ್ಲುವ ಜಾಗ ಗೊತ್ತುಮಾಡುವ ದುಂಡು ಮುಚ್ಚಳವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ, ಸ್ವಿಚ್ಚು ಹಾಕುತ್ತಾ ಆರಿಸುತ್ತಾ ಸೊಸೆ ಒಂದಿಡೀ ಸಂಜೆ ಕಳೆದಳು. ಕೊನೆಗೆ ಕಡ್ಡಿಗಳು ತಮ್ಮ ಜಾಗಕ್ಕೆ ಬಂದು ಮಲಗಿದವು.

ಮಳೆ ಬಂದದ್ದು ಒಂದು ರಜೆಯ ಮಧ್ಯಾಹ್ನ. ಮೋಡ ಇಳಿದು ಬೀದಿಯೆಲ್ಲ ನೀಲಿಯಾಗಿತ್ತು. ಸೊಸೆ ಕೀಲಿ ತೆಗೆದುಕೊಂಡು ಅತ್ತೆಯ ಕೋಣೆಯ ಬಾಗಿಲಲ್ಲಿ ನಿಂತಳು. "ಬರ್ತೀರಾ?" ಅತ್ತೆ ಆಗಲೇ ಚಪ್ಪಲಿ ಹಾಕಿಕೊಂಡು ಮಂಚದ ಮೇಲೆ ಕೂತಿದ್ದರು.

ಕಾರು ಮೆಲ್ಲಗೆ ಹೊರಟಿತು. ಮಳೆ ಗಾಜಿನ ಮೇಲೆ ಊರನ್ನು ಕರಗಿಸುತ್ತಿತ್ತು, ವೈಪರು ಮತ್ತೆ ಅದನ್ನು ಬಿಡಿಸುತ್ತಿತ್ತು. ಮನೆ, ಮರ, ಕೊಡೆ ಹಿಡಿದವರು ಒಮ್ಮೆ ಬಣ್ಣವಾಗಿ ಹರಿದು, ಒಮ್ಮೆ ಸ್ಪಷ್ಟವಾಗಿ ನಿಂತರು. ಅತ್ತೆ ಮುಖ ಓರೆ ಮಾಡಿಕೊಂಡು ಕೂತಿದ್ದರು.

"ವೈಪರು ಕಾಣಿಸ್ತಾ ಇದೆ," ಎಂದರು ಇದ್ದಕ್ಕಿದ್ದಂತೆ. "ಅಲುಗಾಡೋದು ಅಂಚಲ್ಲಿ ಕಾಣಿಸುತ್ತೆ ಕಣೆ. ಹಕ್ಕಿ ರೆಕ್ಕೆ ಬಡಿದ ಹಾಗೆ." ಆಮೇಲೆ ಬೆರಳೆತ್ತಿ ತೋರಿಸತೊಡಗಿದರು. "ಈ ತಿರುವಲ್ಲಿ ಅವಳಿ ಮಕ್ಕಳು. ಆ ಹಸಿರು ಗೇಟಿನ ಮನೇಲಿ ಮಗು ಅಳೋಕೇ ಒಪ್ಪಲಿಲ್ಲ. ನಾನೇ ಅತ್ತುಬಿಟ್ಟೆ, ಆಮೇಲೆ ಅದೂ ಶುರು ಮಾಡ್ತು."

ತಿರುವುಗಳೆಲ್ಲ ಅವರಿಗೆ ಕಾರಿನ ವಾಲಾಟದಿಂದಲೇ ತಿಳಿಯುತ್ತಿದ್ದವು. ಸೇತುವೆ ದಾಟುವಾಗ ಮಳೆಯ ಸದ್ದಿನ ನಡುವೆ ನಿಧಾನವಾಗಿ ಹೇಳಿದರು, "ನೀನು ಹೇಳೋಕೆ ಎಷ್ಟೋ ಮುಂಚೆ ನಂಗೆ ಗೊತ್ತಿತ್ತು. ಎದುರಿಗೆ ಬರೋರು ಮಾಯ ಆಗ್ತಿದ್ರು. ಹಾರ್ನು ಹೊಡ್ಕೊಂಡು, ಕಿವಿ ಇಟ್ಕೊಂಡು ಓಡಿಸ್ತಿದ್ದೆ. ಯಾರಾದ್ರೂ ನಿಲ್ಲಿಸು ಅಂತ ಹೇಳಲಿ ಅಂತಾನೂ ಇತ್ತು, ಹೇಳಿದೋರ ಮೇಲೆ ಕೋಪಾನೂ ಬಂತು."

"ಈಗಲೂ ಇದೆಯಾ ಕೋಪ?"

"ಇದೆ. ನೀನು ಗೇರು ಹಾಕೋ ರೀತಿಗೆ ಈಗ ಇನ್ನೂ ಜಾಸ್ತಿ ಆಗಿದೆ."

ಸೊಸೆಗೆ ನಗುವೂ ಬಂತು, ಕಣ್ಣೂ ತುಂಬಿತು. ಕಣ್ಣು ತುಂಬಿದ್ದನ್ನು ಒರೆಸಲು ವೈಪರಿಲ್ಲದ್ದರಿಂದ ಕಾರನ್ನು ನದಿಯ ಬದಿಯಲ್ಲಿ ನಿಲ್ಲಿಸಿದಳು. ಅತ್ತೆ ಸೀಟಿಗೊರಗಿ ನಿದ್ದೆ ಹೋದರು. ವೈಪರು ಆಚೆಗೊಮ್ಮೆ ಈಚೆಗೊಮ್ಮೆ ಜೋಗುಳ ಹಾಡುತ್ತಿತ್ತು. ನದಿಯ ಮೇಲೆ ಹನಿಗಳು ಅರಳಿ ಮುಚ್ಚುವುದನ್ನು ನೋಡುತ್ತಾ ಸೊಸೆಯೂ ಎಚ್ಚರ ನಿದ್ದೆಗಳ ನಡುವೆ ಎಲ್ಲೋ ತೇಲಿದಳು.

"ಮಳೆ ನಿಂತು ಎಷ್ಟೊತ್ತಾಯ್ತು, ಆರಿಸೇ ಅದನ್ನ. ರಬ್ಬರು ಹಾಳಾಗುತ್ತೆ," ಎಂದು ಅತ್ತೆ ಕಣ್ಣು ಮುಚ್ಚಿಕೊಂಡೇ ಗದರಿದರು.

ಆ ಮಳೆಗಾಲವೆಲ್ಲ ಮೋಡ ಕವಿದ ರಜೆಯ ಮಧ್ಯಾಹ್ನಗಳಲ್ಲಿ ಅವರಿಬ್ಬರೂ ಮನೆಯಲ್ಲಿ ಇರುತ್ತಿರಲಿಲ್ಲ. ಊರಿನವರು ಕಾರಿನ ಸದ್ದಿಗೆ ಕಿಟಕಿ ತೆರೆದು, "ಯಾರ ಮನೇಲಿ ಹೆರಿಗೆ?" ಎಂದು ಪಕ್ಕದವರನ್ನು ಕೇಳುತ್ತಿದ್ದರು.